ನುಗ್ಗೆ ಸೊಪ್ಪು ಮತ್ತು ಹಾಲು ಕರೆಯುವ ಹೊತ್ತು

ಭಾನುವಾರ, 24 ನವೆಂಬರ್ 2024
ತುರುವೇಕೆರೆ ಸೀಮೆ

ರಾಗಿ ಕೊಯ್ಲು ಕೊನೆಯ ಹಂತದಲ್ಲಿರುವುದರಿಂದ ಕೊಟ್ಟಿಗೆಯ ಕೆಲಸವನ್ನು ಇಂದು ನಸುಕಿನಲ್ಲೇ ಮುಗಿಸಿ ಅಟ್ಟ ಹತ್ತಿದೆ. ಹಸುವಿನ ಮೇವಿಗೆ ಬೆರೆಸುವ ಪುಡಿಗೆಂದು ಗೋಣಿತಾಟಿನ ಮೇಲೆ ಹರವಿದ್ದ ನುಗ್ಗೆ ಸೊಪ್ಪು ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಿದ್ದರೂ ಹಸಿರು ಬಣ್ಣವನ್ನು ಬಿಟ್ಟುಕೊಟ್ಟಿರಲಿಲ್ಲ. ಕಳೆದ ಸಲ ಅವಸರಪಟ್ಟು ಅಂಗಳದ ಬಿಸಿಲಿಗೆ ಹಾಕಿ, ಹಳದಿಗೆ ತಿರುಗಿದ ಎಲೆಯನ್ನೇ ಮೂಟೆ ಕಟ್ಟಿದ್ದೆ. ಒಂಬತ್ತು ಕಿಲೋ ಹಸಿ ಸೊಪ್ಪು ಈಗ ಎರಡು ಕಿಲೋಗೆ ಇಳಿದಿದೆ.

ಒಣಗಿದ ನುಗ್ಗೆ ಎಲೆಯಲ್ಲಿ ಶೇಕಡಾ 25ರ ಆಸುಪಾಸು ಪ್ರೋಟೀನ್ ಇರುತ್ತದೆ ಎಂಬುದನ್ನು ಕೇಳಿ ಹಿಂಡಿ, ಬೂಸಾದ ಖರ್ಚೇ ತಪ್ಪೀತೆಂದು ಮೊದಲು ನಾನೂ ಆಸೆಪಟ್ಟವನೇ. ಲೆಕ್ಕ ಹಾಕಿದ ಮೇಲೆ ಆ ಆಸೆ ಇಳಿಯಿತು. ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಮೈ ನಿಭಾಯಿಸಲು ಮತ್ತೆ ಒಂದೂವರೆ ಕಿಲೋ ಎಂಬ ರೂಢಿಯ ಲೆಕ್ಕದಂತೆ, ಹತ್ತು ಲೀಟರ್ ಕೊಡುವ ನಮ್ಮ ಕೆಂಪಿಗೆ ದಿನಕ್ಕೆ ಐದೂವರೆ ಕಿಲೋ ಪಶು ಆಹಾರ ಬೇಕು. ಅದರಲ್ಲಿ ಶೇಕಡಾ 20ರಷ್ಟು ಪ್ರೋಟೀನ್ ಇದ್ದರೆ ಒಂದು ಕಿಲೋಗೂ ಮೀರಿ ಆಯಿತು. ನಾನು ಹಾಕುವ 200 ಗ್ರಾಂ ಪುಡಿಯಿಂದ ಸಿಗುವುದು 50 ಗ್ರಾಂ ಮಾತ್ರ. ಆದ್ದರಿಂದ ಸೊಪ್ಪಿನ ಪುಡಿ ಊಟಕ್ಕೆ ಜೊತೆಯಾಗುವ ಉಪ್ಪಿನಕಾಯಿಯೇ ಹೊರತು ಊಟವಲ್ಲ. ಸುಣ್ಣದ ಅಂಶಕ್ಕಾಗಿ, ಬಾಯಿರುಚಿಗಾಗಿ ಹಾಕುತ್ತಿದ್ದೇನೆ.

ಹಾಕುವ ಹೊತ್ತಿನ ವಿಷಯದಲ್ಲೂ ಒಮ್ಮೆ ಎಡವಿದ್ದೇನೆ. ಕಳೆದ ತಿಂಗಳು ಕರೆಯುವ ಮೊದಲು ಕೆಂಪಿ ಸುಮ್ಮನೆ ನಿಲ್ಲಲೆಂದು ಗೊಂತಿಗೆ ಹಸಿ ನುಗ್ಗೆ ಸೊಪ್ಪನ್ನೇ ಧಾರಾಳವಾಗಿ ಹಾಕಿದ್ದೆ. ಅಮ್ಮ ಕಾಫಿಗೆ ಹಾಲು ಕಾಯಿಸುತ್ತಾ, "ಹಾಲೆಲ್ಲ ಸೊಪ್ಪು ಸೊಪ್ಪು ಅಂತೈತಲ್ಲೋ" ಎಂದಳು. ಘಾಟಿನ ಮೇವು ಹಾಲಿಗೆ ತನ್ನ ವಾಸನೆಯನ್ನು ಬಲುಬೇಗ ದಾಟಿಸುತ್ತದೆ. ಬೆಳ್ಳುಳ್ಳಿಯದಂತೂ ಹೇಳುವುದೇ ಬೇಡ. ಅಂದಿನಿಂದ ಸೊಪ್ಪಾಗಲಿ ಪುಡಿಯಾಗಲಿ, ಕರೆದು ಮುಗಿಸಿದ ಮೇಲೆಯೇ.

ಕರು ಹಾಕಿದ ಹಸುವಿಗೆ ಅಮ್ಮ ಈಗಲೂ ಮೆಂತ್ಯ, ಜೀರಿಗೆ, ಬೆಲ್ಲ ಕುಟ್ಟಿ ಉಂಡೆ ಮಾಡಿ ತಿನ್ನಿಸುತ್ತಾಳೆ. ಶತಾವರಿಯನ್ನೂ ಸೇರಿಸುವುದುಂಟು, ನಮ್ಮಲ್ಲಿ ಅದನ್ನು ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ. ಬೇರನ್ನೇ ಅಗೆಯಬೇಕಾದ ಗಿಡವಾದ್ದರಿಂದ ಗುಡ್ಡದಿಂದ ಕಿತ್ತು ತರುವುದನ್ನು ನಿಲ್ಲಿಸಿ, ಬೇಲಿಯ ಪಕ್ಕ ಆರು ಸಸಿ ನೆಟ್ಟಿದ್ದೇನೆ.

ಮಧ್ಯಾಹ್ನ ನೆರೆಯವರೊಬ್ಬರು ಬಂದು, ತಮ್ಮ ಹಸುವಿನ ಕೆಚ್ಚಲು ಬಾವಿಗೆ ಈ ಪುಡಿಯನ್ನೇ ತಿನ್ನಿಸಬಹುದೇ ಎಂದು ಕೇಳಿದರು. ಆಂಟಿಬಯೋಟಿಕ್ ಕೊಡಿಸಿದರೆ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೈರಿಗೆ ಹಾಕುವಂತಿಲ್ಲ ಎಂಬ ಸಂಕಟ ಅವರದು, ನನಗೂ ಅರ್ಥವಾಗುತ್ತದೆ. ಕೋಳಿ ಮತ್ತು ಜಾನುವಾರುಗಳ ಆಹಾರದಲ್ಲಿ ಬಳಕೆಯಾಗುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಔಷಧವನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇಂಥ ಮದ್ದುಗಳ ಅತಿಬಳಕೆಯ ಭಯದಿಂದಲೇ. ಆದರೂ ಬಾವು ಬಂದ ಕೆಚ್ಚಲಿಗೆ ನುಗ್ಗೆ ಪುಡಿ ಮದ್ದಲ್ಲ. ಲೋಳೆಸರ, ಅರಿಶಿನ, ಸುಣ್ಣ ಅರೆದು ಹೊರಗಿನಿಂದ ಹಚ್ಚುವ ಲೇಪ ಬೇರೆಯದೇ ವಿಷಯ. ಹಾಲಿನಲ್ಲಿ ಗರಣೆ ಕಾಣಿಸಿದೆ ಎಂದಮೇಲೆ ವೈದ್ಯರನ್ನೇ ಕರೆಸಿ ಎಂದು ಹೇಳಿ ಕಳುಹಿಸಿದೆ.

ಸಂಜೆ ತಮ್ಮನ ಮಗ ಆಡುಗಳಿಗೆಂದು ತಂದ ಸೊಪ್ಪಿನ ಹೊರೆಯಲ್ಲಿ ನಾಲ್ಕು ಲಂಟಾನ ಕಡ್ಡಿಗಳು ಸೇರಿದ್ದವು. ಅದು ಕಾಮಾಲೆ ತರುವ ಗಿಡ. ತಿಂದ ದನದ ಮೂತಿ ಬಿಸಿಲಿಗೆ ಸುಲಿದು ಹೋಗುತ್ತದೆ. ಹೊರೆಯನ್ನು ಬಿಚ್ಚಿ, ಒಂದೊಂದೇ ಕಡ್ಡಿಯನ್ನು ಅವನ ಕೈಯಿಂದಲೇ ಆರಿಸಿ ತೆಗೆಸಿದೆ.