ದೊಡ್ಡಮ್ಮನ ನಂಬರ್ ಪೋರ್ಟ್ ಆಯಿತು

ನವೆಂಬರ್ 8, 2025, ಶನಿವಾರ

ದೊಡ್ಡಮ್ಮನ ಮೊಬೈಲ್ ನಂಬರ್ ಇವತ್ತು ಬೆಳಿಗ್ಗೆ ಹೊಸ ಕಂಪನಿಗೆ ಪೋರ್ಟ್ ಆಯಿತು, ಅಂದರೆ ನಂಬರ್ ಅದೇ, ಕಂಪನಿ ಮಾತ್ರ ಬೇರೆ. ಹಳೇ ಸಿಮ್‌ನಲ್ಲಿ ಸಿಗ್ನಲ್ ಹೋಯಿತು. ಹೊಸ ಸಿಮ್ ಹಾಕಿ ಫೋನ್ ಆಫ್ ಮಾಡಿ ಆನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಮೇಲ್ಗಡೆ ಹೊಸ ಕಂಪನಿಯ ಹೆಸರು ಬಂತು. ತಿಂಗಳುಗಟ್ಟಲೆ ಎಳೆದಾಡಿದ ಕೆಲಸ ಇದು. ಮನಸ್ಸಿಗೆ ಎಷ್ಟು ಹಗುರ ಆಗಿದೆ ಅಂದರೆ, ಮರೆಯುವ ಮೊದಲು ಎಲ್ಲ ಬರೆದಿಡೋಣ ಅನ್ನಿಸಿತು. ಇದೇ ಕಷ್ಟದಲ್ಲಿ ಇನ್ನೂ ಎಷ್ಟು ಜನ ಇದ್ದಾರೋ.

ಮಂಡಿ ಆಪರೇಷನ್ ಆದ ಮೇಲೆ ದೊಡ್ಡಮ್ಮ ಜಾಸ್ತಿ ಹೊತ್ತು ಇರುವುದು ಒಳಗಿನ ರೂಮಿನಲ್ಲಿ. ದೊಡ್ಡಪ್ಪ ಹೋದ ಮೇಲೆ ಹಗಲಲ್ಲಿ ಅವರು ಒಬ್ಬರೇ. ಆ ರೂಮಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ನಾವು ಫೋನ್ ಮಾಡಿದರೆ "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅಂತ ಬರುತ್ತಿತ್ತು. ಎಲ್ಲೂ ಹೋಗಿಲ್ಲ, ಮನೆಯಲ್ಲೇ ಇದ್ದಾರೆ ಅಂತ ಗೊತ್ತು. ಆದರೂ ಆ ಧ್ವನಿ ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಬಿದ್ದರಾ? ಕರೆಯುತ್ತಿದ್ದಾರಾ? ಅಕ್ಕಪಕ್ಕದವರಿಗೆ ಫೋನ್ ಮಾಡಿ, ಅವರು ಹೋಗಿ ನೋಡಿ ಬಂದು ಹೇಳುವವರೆಗೆ ಸಮಾಧಾನ ಇರುತ್ತಿರಲಿಲ್ಲ.

ಕಸ್ಟಮರ್ ಕೇರ್‌ಗೆ ದೂರು ಕೊಡುವುದೇ ಒಂದು ಕೆಲಸ. ಭಾಷೆಗೆ ಒಂದು ನಂಬರ್ ಒತ್ತಿ, ಹೊಸ ಪ್ಲಾನ್‌ಗೆ ಇನ್ನೊಂದು, ರೀಚಾರ್ಜ್‌ಗೆ ಮತ್ತೊಂದು. ನೆಟ್‌ವರ್ಕ್ ದೂರು ಅನ್ನುವುದು ಎಲ್ಲೋ ಒಳಗೆ ಇರುತ್ತದೆ. ಕೊನೆಗೆ ಮನುಷ್ಯರ ದನಿ ಸಿಕ್ಕರೆ ಮೊದಲ ಪ್ರಶ್ನೆ, "ಫೋನ್ ರೀಸ್ಟಾರ್ಟ್ ಮಾಡಿದ್ರಾ ಮೇಡಂ?" ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿನ ಸ್ಕ್ರೀನ್‌ನಲ್ಲಿ ಟವರ್ ಸರಿಯಾಗಿದೆ ಅಂತ ಇರುತ್ತದೆ. ದೊಡ್ಡಮ್ಮನ ರೂಮಿನ ಗೋಡೆ ಅವರಿಗೆ ಎಲ್ಲಿಂದ ಕಾಣಬೇಕು?

ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಪ್ರತಿ ಸಲ ದೂರು ಕೊಟ್ಟು ಒಂದೆರಡು ದಿನಕ್ಕೆ "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂದು ಮೆಸೇಜ್ ಬರುತ್ತಿತ್ತು. ಆ ಮೆಸೇಜ್ ಕೂಡ ಒಳಗಿನ ರೂಮಿಗೆ ಬರುತ್ತಿರಲಿಲ್ಲ. ದೊಡ್ಡಮ್ಮ ವಾಕರ್ ಹಿಡಿದುಕೊಂಡು ವರಾಂಡಕ್ಕೆ ಬಂದಾಗ ಒಟ್ಟಿಗೆ ಟಣ್ ಟಣ್ ಅಂತ ಬಂದು ಬೀಳುತ್ತಿತ್ತು. ದೂರು ಮುಚ್ಚುವ ಮೊದಲು "ಸರಿ ಹೋಯಿತಾ ಅಮ್ಮ" ಅಂತ ಒಂದು ಫೋನ್ ಮಾಡಬಾರದಾ? ಇಷ್ಟು ವರ್ಷದ ಗ್ರಾಹಕರಿಗೆ ಅಷ್ಟನ್ನಾದರೂ ಮಾಡಬೇಕು.

ಈ ನಡುವೆ ಗೊತ್ತಿದ್ದವರನ್ನೆಲ್ಲ ಕೇಳಿದೆ, ಯಾವ ಕಂಪನಿ ಚೆನ್ನಾಗಿದೆ ಅಂತ. ಒಬ್ಬೊಬ್ಬರದು ಒಂದೊಂದು ಉತ್ತರ. ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವವರು ದೊಡ್ಡಮ್ಮನ ಹಳೇ ಕಂಪನಿಯ ಸಿಮ್ ಅನ್ನೇ ಬಳಸುವವರು, ಅವರಿಗೆ ಒಂದು ದಿನವೂ ತೊಂದರೆ ಆಗಿಲ್ಲವಂತೆ. ತಮ್ಮನ ಆಫೀಸಿನಲ್ಲಿ ಅದೇ ಕಂಪನಿಯನ್ನು ಬೈಯದವರಿಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರು ಕೂರುವ ಜಾಗದ ಅನುಭವ ಹೇಳುತ್ತಿದ್ದಾರೆ, ಅಷ್ಟೇ. ಹಾಗಾಗಿ ಯಾರಾದರೂ "ಇದು ಬೆಸ್ಟ್, ಇದು ವೇಸ್ಟ್" ಅಂದರೆ ನಾನೀಗ ತಿರುಗಿ ಕೇಳುತ್ತೇನೆ: ಎಲ್ಲಿ? ಮನೆ ಒಳಗಾ, ಹೊರಗಾ? ಎಷ್ಟು ಹೊತ್ತಿಗೆ? ಯಾವ ಫೋನಿನಲ್ಲಿ?

ಸಿಗ್ನಲ್ ಅಳೆಯಲು ಫೋನಿನ ಮೇಲ್ಗಡೆ ಕಾಣುವ ಕಡ್ಡಿಗಳನ್ನು ನಂಬಿಕೊಂಡು ಕೂರಬಾರದು. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದನ್ನು ಫೋನ್ ತಯಾರಿಸುವವರೇ ತೀರ್ಮಾನಿಸುತ್ತಾರೆ. 2010ರಲ್ಲಿ ಐಫೋನ್ 4 ಬಂದಾಗ ಕೈಯಲ್ಲಿ ಹಿಡಿದರೆ ಕಡ್ಡಿ ಇಳಿಯುತ್ತದೆ ಅಂತ ದೊಡ್ಡ ಗಲಾಟೆ ಆಗಿತ್ತು. ಆಗ ಆಪಲ್ ಕಂಪನಿಯೇ, ಕಡ್ಡಿ ಲೆಕ್ಕ ಹಾಕುವ ನಮ್ಮ ಸೂತ್ರವೇ ತಪ್ಪಾಗಿತ್ತು, ಇರಬೇಕಾದ್ದಕ್ಕಿಂತ ಜಾಸ್ತಿ ಕಡ್ಡಿ ತೋರಿಸುತ್ತಿತ್ತು ಅಂತ ಬಹಿರಂಗವಾಗಿ ಹೇಳಿತು.

ನಿಜವಾದ ಅಳತೆ ಡಿಬಿಎಂ (dBm), ಅಂದರೆ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಹೇಳುವ ಸಂಖ್ಯೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ "ಫೋನ್ ಬಗ್ಗೆ" ಅನ್ನುವಲ್ಲಿ ಸಿಮ್ ಸ್ಟೇಟಸ್ ನೋಡಿದರೆ ಸಿಗುತ್ತದೆ. ಈ ಸಂಖ್ಯೆ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ -90ರ ಆಸುಪಾಸು ಇದ್ದರೆ ಆರಾಮ. -110ಕ್ಕಿಂತ ಕೆಳಗಿಳಿದರೆ ಮಾತು ತುಂಡು ತುಂಡಾಗುತ್ತದೆ. -120ರ ಹತ್ತಿರ ಹೋದರೆ ಕಾಲ್ ಹತ್ತುವುದೇ ಕಷ್ಟ. ದೊಡ್ಡಮ್ಮನ ಫೋನ್ ಹಿಡಿದು ಮನೆಯೆಲ್ಲ ಓಡಾಡಿದೆ. ವರಾಂಡದಲ್ಲಿ -88, ಹಾಲ್‌ನಲ್ಲಿ -101, ಒಳಗಿನ ರೂಮಿನ ಮಂಚದ ಹತ್ತಿರ -118. ನೋಡಲು ಸಣ್ಣ ವ್ಯತ್ಯಾಸ. ಆದರೆ ಈ ಲೆಕ್ಕದಲ್ಲಿ 10 ಇಳಿದರೆ ಸಿಗ್ನಲ್ ಹತ್ತನೇ ಒಂದು ಭಾಗ ಆದಂತೆ. 30 ಇಳಿದರೆ ಸಾವಿರದಲ್ಲಿ ಒಂದು ಪಾಲು. ವರಾಂಡದಿಂದ ಮಂಚಕ್ಕೆ ಬರುವಷ್ಟರಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿಯುತ್ತಿತ್ತು! ದೊಡ್ಡಮ್ಮನಿಗೆ ಇದನ್ನು ಹೇಳಿದಾಗ, "ಅದಕ್ಕೇ ನಾನು ಹೇಳ್ತಿದ್ದೆ, ನೀವ್ಯಾರೂ ನಂಬ್ತಿರಲಿಲ್ಲ" ಅಂದರು.

ಹೀಗಾಗುವುದಕ್ಕೆ ಕಾರಣ ಗೋಡೆ ಒಂದೇ ಅಲ್ಲ. ಮೊಬೈಲ್ ಸಿಗ್ನಲ್ ಬೇರೆ ಬೇರೆ ಬ್ಯಾಂಡ್‌ಗಳಲ್ಲಿ, ಅಂದರೆ ಬೇರೆ ಬೇರೆ ಕಂಪನಾಂಕದ ರೇಡಿಯೋ ಅಲೆಗಳಲ್ಲಿ ಬರುತ್ತದೆ. 700, 800, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಸುಮಾರಾಗಿ ದಾಟುತ್ತವೆ. 2300, 2600, 3500ರಂಥ ಮೇಲಿನ ಬ್ಯಾಂಡ್‌ಗಳಲ್ಲಿ ಡೇಟಾ ಜಾಸ್ತಿ ಸಾಗಿಸಬಹುದು, ಆದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಎದುರಾದರೆ ಸೋತುಬಿಡುತ್ತವೆ. ಬೀದಿಯಲ್ಲಿ 5ಜಿ ಓಡುತ್ತದೆ, ಮನೆಯೊಳಗೆ ಕಾಲಿಟ್ಟರೆ 4ಜಿಗೆ ಬೀಳುತ್ತದೆ ಅಂತ ಜನ ಹೇಳುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಯಾವ ಕಂಪನಿಯ ಹತ್ತಿರ ಯಾವ ಬ್ಯಾಂಡ್ ಇದೆ, ಅದನ್ನು ನಮ್ಮ ಹತ್ತಿರದ ಟವರ್‌ನಲ್ಲಿ ಹಾಕಿದ್ದಾರಾ, ನಮ್ಮ ಫೋನ್ ಅದನ್ನು ಹಿಡಿಯುತ್ತದಾ, ಈ ಮೂರೂ ಕೂಡಿ ಬರಬೇಕು. ಜಾಹೀರಾತಿನ ನಕ್ಷೆಯಲ್ಲಿ ಇಡೀ ಊರಿಗೆ ಬಣ್ಣ ಬಳಿದಿರುತ್ತಾರೆ. ಒಳಗಿನ ರೂಮು ಆ ನಕ್ಷೆಯಲ್ಲಿ ಇರುವುದಿಲ್ಲ.

ದಾರಿ ತೋರಿಸಿದ್ದು ಒಂದು ಚಿಕ್ಕ ಸಂಗತಿ. ಮಂಚದ ಹತ್ತಿರ ಫೋನ್ ಆಗಾಗ "ತುರ್ತು ಕರೆಗಳು ಮಾತ್ರ" ಅಂತ ತೋರಿಸುತ್ತಿತ್ತು. ನಮ್ಮ ಕಂಪನಿಯ ಸಿಗ್ನಲ್ ಇಲ್ಲ, ಆದರೆ ಬೇರೆ ಯಾವುದೋ ಕಂಪನಿಯ ಟವರ್ ಸಿಗುತ್ತಿದೆ ಅಂತ ಅದರ ಅರ್ಥ. ತುರ್ತು ಕರೆಯನ್ನು ಸಾಮಾನ್ಯವಾಗಿ ಯಾವ ನೆಟ್‌ವರ್ಕ್ ಸಿಕ್ಕರೂ ಸಾಗಿಸುತ್ತದೆ, ಅದಕ್ಕೇ ಫೋನ್ ಹಾಗೆ ತೋರಿಸುವುದು. ಯಾವ ಸಿಗ್ನಲ್ಲೂ ಇಲ್ಲದಿದ್ದರೆ ಬರೀ "ಸೇವೆ ಇಲ್ಲ" ಅಂತಿರುತ್ತದೆ. ಅಂದರೆ ದೊಡ್ಡಮ್ಮನ ಮಂಚಕ್ಕೆ ಬೇರೆ ಯಾರದೋ ಸಿಗ್ನಲ್ ಬರುತ್ತಿತ್ತು! ತಮ್ಮನ ಹತ್ತಿರ ಎರಡು ಕಂಪನಿಯ ಸಿಮ್ ಇದ್ದವು. ಅವನ್ನು ಒಂದಾದ ಮೇಲೊಂದು ದೊಡ್ಡಮ್ಮನ ಫೋನಿಗೇ ಹಾಕಿ ನೋಡಿದೆವು. ಒಂದರಲ್ಲಿ ಮಂಚದ ಹತ್ತಿರ -97 ಬಂತು. ಬೇರೆಯವರ ಫೋನ್ ತಂದು ನೋಡಿದರೆ ಆಗುವುದಿಲ್ಲ, ಬಳಸುವ ಫೋನಿಗೇ ಹಾಕಿ ನೋಡಬೇಕು. ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು.

ಕಾಲ್ ಮಾಡಿಯೂ ನೋಡಬೇಕು, ಇಂಟರ್ನೆಟ್ ಬಂದರೆ ಸಾಲದು. 4ಜಿಯಲ್ಲೇ ಮಾತಾಡಬೇಕಾದರೆ ಫೋನಿನಲ್ಲಿ ವೋಲ್ಟಿ (VoLTE) ಅನ್ನುವ ಸೌಲಭ್ಯ ಇರಬೇಕು, ಅದು ಆನ್ ಆಗಿರಬೇಕು, ಆ ಕಂಪನಿಗೆ ಹೊಂದಬೇಕು. ಇಲ್ಲದಿದ್ದರೆ ಕಾಲ್ ಬಂದಾಗ ಫೋನ್ 3ಜಿಗೋ 2ಜಿಗೋ ಇಳಿಯುತ್ತದೆ. ಇಳಿಯಲು ಅವೇ ಇಲ್ಲದಿದ್ದರೆ? ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿದವು. ಬೇರೆ ದೇಶಗಳಲ್ಲೂ ಒಂದೊಂದಾಗಿ ನಿಲ್ಲುತ್ತಿದೆ. ವಯಸ್ಸಾದವರ ಕೈಯಲ್ಲಿ ಇರುವುದು ಹಳೇ ಫೋನುಗಳೇ ಜಾಸ್ತಿ, ಪೆಟ್ಟು ಬೀಳುವುದೂ ಅವರಿಗೇ. ಈ ವಿಷಯದಲ್ಲಿ ನನಗೆ ತುಂಬಾ ಬೇಜಾರಿದೆ. ನೆಟ್‌ವರ್ಕ್ ನಿಲ್ಲಿಸುವಾಗ ಒಂದು ಮೆಸೇಜ್ ಕಳಿಸಿ ಕೈ ತೊಳೆದುಕೊಳ್ಳುವುದಲ್ಲ, ಮನುಷ್ಯರು ಫೋನ್ ಮಾಡಿ ನಿಧಾನವಾಗಿ ತಿಳಿಸಿ ಹೇಳಬೇಕು.

ನಂಬರ್ ಬದಲಾಯಿಸುವ ಮಾತೇ ಇರಲಿಲ್ಲ. ದೊಡ್ಡಪ್ಪ ಕೊಡಿಸಿದ ನಂಬರ್ ಅದು. ಬ್ಯಾಂಕು, ಆಸ್ಪತ್ರೆ, ನೆಂಟರಿಷ್ಟರು, ಎಲ್ಲರ ಹತ್ತಿರ ಇರುವುದು ಅದೇ. ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ ಮೊದಲು ಬಂದದ್ದು ಸಿಂಗಪುರದಲ್ಲಿ, 1997ರಲ್ಲಿ. ಅಮೆರಿಕದ ಮೊಬೈಲ್‌ಗಳಿಗೆ 2003ರಲ್ಲಿ ಬಂತು. ಬ್ರಿಟನ್‌ನಲ್ಲಿ ಹಳೇ ಕಂಪನಿಯ ಜೊತೆ ಫೋನಿನಲ್ಲಿ ವಾದ ಮಾಡುವುದು ತಪ್ಪಿ, ಒಂದು ಮೆಸೇಜ್ ಕಳಿಸಿದರೆ ಕೋಡ್ ಸಿಗುವ ಹಾಗೆ ಆದದ್ದು 2019ರಲ್ಲಿ. ಈ ನಿಯಮ ಮಾಡಿಸಿದವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ. ಬಿಟ್ಟು ಹೋಗುವ ದಾರಿ ಸುಲಭ ಇದ್ದರೆ ತಾನೇ ಕಂಪನಿಗಳು ಗ್ರಾಹಕರ ಮಾತು ಕೇಳುವುದು?

ಪೋರ್ಟ್‌ಗೆ ಕೊಟ್ಟ ಮೇಲೆ ಹಳೇ ಕಂಪನಿಯಿಂದ ಫೋನ್ ಬಂತು. ಅಷ್ಟು ಡೇಟಾ ಕೊಡುತ್ತೇವೆ, ಇಷ್ಟು ರಿಯಾಯಿತಿ ಕೊಡುತ್ತೇವೆ ಅಂತ. ದೂರು ಕೊಟ್ಟಾಗ ಬಾರದ ಫೋನ್ ಆಗ ಬಂತು. ದೊಡ್ಡಮ್ಮ ವರಾಂಡದಲ್ಲಿ ನಿಂತು ಸಮಾಧಾನವಾಗಿಯೇ ಹೇಳಿದರು: "ಜಾಸ್ತಿ ಡೇಟಾ ನನಗ್ಯಾಕಪ್ಪ? ಒಳಗೆ ಮಲಗಿದಾಗ ಮಕ್ಕಳ ಫೋನ್ ಬಂದರೆ ಸಾಕು."

ಪೋರ್ಟ್ ಮಾಡಿಸುವವರಿಗೆ ಒಂದೆರಡು ಮಾತು. ಪೋಸ್ಟ್‌ಪೇಯ್ಡ್ ಆಗಿದ್ದರೆ ಬಾಕಿ ಬಿಲ್ ಮೊದಲೇ ಕಟ್ಟಿಬಿಡಿ. ಹಳೇ ಪ್ರೀಪೇಯ್ಡ್ ಬ್ಯಾಲೆನ್ಸ್ ಜೊತೆಗೆ ಬರುತ್ತದೆ ಅಂದುಕೊಳ್ಳಬೇಡಿ. ನಂಬರ್ ದಾಟುವ ಹೊತ್ತಿನಲ್ಲಿ ಸ್ವಲ್ಪ ಸಮಯ ಕಾಲ್ ಬರುವುದಿಲ್ಲ, ಓಟಿಪಿ ಬರುವುದಿಲ್ಲ. ಅಂಥ ದಿನ ಹಣ ಕಳಿಸುವ ಕೆಲಸ ಇಟ್ಟುಕೊಳ್ಳಬೇಡಿ. ಇನ್ನೊಂದು ಮಾತನ್ನು ದೊಡ್ಡಮ್ಮನಿಗೆ ಒತ್ತಿ ಒತ್ತಿ ಹೇಳಿದ್ದೇನೆ: ನಾವು ಏನೂ ಕೇಳದೆ ಇದ್ದಾಗ, ಯಾವಾಗಲೂ ಸಿಗ್ನಲ್ ಇರುವ ಜಾಗದಲ್ಲಿ ಸಿಮ್ ಇದ್ದಕ್ಕಿದ್ದಂತೆ ಸತ್ತುಹೋದರೆ ಸುಮ್ನೆ ಕೂರಬಾರದು. ಮೋಸಗಾರರು ನಮ್ಮ ನಂಬರಿಗೆ ಬೇರೆ ಸಿಮ್ ಮಾಡಿಸಿಕೊಂಡಿರಬಹುದು. ಬೇರೆ ಫೋನಿನಿಂದ ತಕ್ಷಣ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ನಂಬರ್ ದಾಟಿಸಲು ಬರುವ ಪೋರ್ಟ್ ಕೋಡ್ ಅನ್ನು ಯಾರು ಕೇಳಿದರೂ ಫೋನಿನಲ್ಲಿ ಹೇಳಬಾರದು.

ಪ್ಲಾನ್ ಆರಿಸಿದ್ದು ಕೊನೆಗೆ. ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. 28 ದಿನದ ಪ್ಲಾನ್ ಅಂದರೆ ತಿಂಗಳ ಪ್ಲಾನ್ ಅಲ್ಲ. ವರ್ಷಕ್ಕೆ 13 ಸಲ ಹಾಕಿಸಬೇಕು, ಆಗಲೂ 364 ದಿನ ಆಗುತ್ತದೆ. ಎರಡು ಪ್ಲಾನ್ ಹೋಲಿಸುವಾಗ ಒಂದು ದಿನಕ್ಕೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡಿದರೆ ಬೇಗ ಗೊತ್ತಾಗುತ್ತದೆ. "ಅನ್‌ಲಿಮಿಟೆಡ್" ಅಂತ ದಪ್ಪ ಅಕ್ಷರ ಕಂಡರೆ ಕೆಳಗಿನ ಸಣ್ಣ ಅಕ್ಷರ ಓದಬೇಕು. ಮಿತಿ ಮುಗಿದ ಮೇಲೆ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಸುವ ಪ್ಲಾನ್‌ಗಳಿವೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 3 ಎಂಬಿಯ ಒಂದು ಫೋಟೋ ಇಳಿಯಲು ಆರು ನಿಮಿಷ ಮೇಲೆ ಬೇಕು. ಮೊಮ್ಮಗಳ ಫೋಟೋಗಾಗಿ ದೊಡ್ಡಮ್ಮ ಆರು ನಿಮಿಷ ಕಾಯುವುದನ್ನು ನಾನು ನೋಡಿದ್ದೇನೆ. ಅದು ಸೇವೆ ಅನ್ನಿಸಿಕೊಳ್ಳುವುದಿಲ್ಲ. ಸಣ್ಣ ಅಕ್ಷರದಲ್ಲಿರುವುದನ್ನು ದಪ್ಪ ಅಕ್ಷರದಲ್ಲೇ ಹಾಕಬೇಕು.

ಸಂಜೆ ಹೊತ್ತು ನೆಟ್ ನಿಧಾನ ಅನ್ನುವ ದೂರಿಗೆ ಮಾತ್ರ ಯಾವ ದೊಡ್ಡ ಪ್ಲಾನೂ ಪರಿಹಾರ ಅಲ್ಲ. ಒಂದು ಟವರ್‌ನ ಸಾಮರ್ಥ್ಯವನ್ನು ಅದಕ್ಕೆ ಜೋಡಿದವರೆಲ್ಲ ಹಂಚಿಕೊಳ್ಳುತ್ತಾರೆ. ಒಂದೇ ಟ್ಯಾಂಕಿನ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿದ ಹಾಗೆ. ನಮ್ಮ ಹತ್ತಿರ ಎಷ್ಟು ಜಿಬಿ ಉಳಿದಿದೆ ಅನ್ನುವುದಕ್ಕೂ ಆ ಹೊತ್ತಿನ ಸ್ಪೀಡ್‌ಗೂ ಸಂಬಂಧ ಇಲ್ಲ.

ಮಧ್ಯಾಹ್ನ ನನ್ನ ಮನೆಯಿಂದ ಫೋನ್ ಮಾಡಿದೆ. ಎರಡನೇ ರಿಂಗ್‌ಗೇ ಎತ್ತಿಕೊಂಡರು. "ಮಲಗೇ ಮಾತಾಡ್ತಿದೀನಿ ಕಣೇ" ಅಂದರು. ಮಂಡಿ ನೋವು, ಮಾತ್ರೆ, ಮಹಡಿಯವರ ಮಗುವಿಗೆ ಹಲ್ಲು ಬಂದದ್ದು, ಎಲ್ಲ ಮಾತಾಡಿದೆವು. ಒಂದು ಸಲವೂ ತುಂಡಾಗಲಿಲ್ಲ.

ಇನ್ನೂ ಎರಡು ಕೆಲಸ ಬಾಕಿ ಇದೆ. ಪೋರ್ಟ್ ಆದ ಹೊಸದರಲ್ಲಿ ಕೆಲವು ಕಡೆಯ ಮೆಸೇಜ್ ತಡವಾಗುವುದುಂಟು, ಅದಕ್ಕೆ ಬ್ಯಾಂಕಿನ ಓಟಿಪಿ ಬರುತ್ತದಾ ಅಂತ ಸೋಮವಾರ ನೋಡಬೇಕು. ಹೊಸ ಕಂಪನಿಯಲ್ಲಿ ರಾತ್ರಿ ಎಂಟರ ಮೇಲೆ ವಿಡಿಯೋ ಕಾಲ್ ಹೇಗೆ ಬರುತ್ತದೆ ಅನ್ನುವುದು ಇವತ್ತು ರಾತ್ರಿಯೇ ಗೊತ್ತಾಗುತ್ತದೆ, ಮೊಮ್ಮಗಳು ಕಾಲ್ ಮಾಡುತ್ತೇನೆ ಅಂದಿದ್ದಾಳೆ.