ಶೇಕಡಾ 0.00

ಮೊನ್ನೆ ಭಾನುವಾರ ರಾತ್ರಿ ಊಟ ಮುಗಿಸಿ, ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಒಂದು ಓಟು ಹಾಕಿದೆ. ಬ್ಲಾಕ್‌ಚೈನ್ ಅನ್ನುವ, ಎಲ್ಲರೂ ತೆರೆದು ನೋಡಬಹುದಾದ ಡಿಜಿಟಲ್ ಲೆಕ್ಕದ ಪುಸ್ತಕದ ಮೇಲೆ ನಡೆಯುವ ಒಂದು ಫಂಡಿನಲ್ಲಿ ನನ್ನ ಹದಿನೈದು ಸಾವಿರ ರೂಪಾಯಿ ಇದೆ. ಅದರ ಖಜಾನೆಯ ಹಣವನ್ನು ಇನ್ನೊಂದು ಕಡೆ ಹೂಡಬೇಕೋ ಬೇಡವೋ ಅಂತ ಅದರ ಟೋಕನ್, ಅಂದರೆ ಡಿಜಿಟಲ್ ಷೇರಿನಂಥದ್ದು, ಇರುವವರನ್ನೆಲ್ಲ ಕೇಳಿದ್ದರು. ಬೇಡ ಅಂತ ಒತ್ತಿದೆ. ನನ್ನ ಮತದ ಪಾಲು ಎಷ್ಟು ಅಂತ ಕೆಳಗೆ ತೋರಿಸಿತು: ಶೇ. 0.00.

ಅಪ್ಪ ಪಕ್ಕದಲ್ಲೇ ಇದ್ದರು. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನ ಹಾಲಿನ ಡೇರಿಗೆ ಇಪ್ಪತ್ತು ವರ್ಷ ಕಾರ್ಯದರ್ಶಿ ಆಗಿದ್ದವರು. ಎಲ್ಲಿ ಅಂಕಿ ಕಂಡರೂ ಇಣುಕುತ್ತಾರೆ.

"ಏನಮ್ಮಾ ಅದು ಸೊನ್ನೆ?"

"ನನ್ನ ಓಟಪ್ಪಾ."

"ಹಾಕಿದ್ದೀಯಲ್ಲ, ಮತ್ತೆ ಸೊನ್ನೆ ಯಾಕೆ?"

ಡೇರಿ ಸೊಸೈಟಿಯಲ್ಲಿದ್ದ ಹಾಗೆ ಅಲ್ಲಿ ತಲೆಗೊಂದು ಓಟಲ್ಲ, ಟೋಕನ್ನಿಗೊಂದು ಓಟು ಅಂತ ಹೇಳಿದೆ. "ಹಂಗಾದ್ರೆ ಅದು ಸೊಸೈಟಿ ಅಲ್ಲ ಬಿಡು. ಸಾಹುಕಾರರ ಪಡಸಾಲೆ" ಅಂದರು.

ಬೇಜಾರಾಯಿತು, ಯಾಕೆಂದರೆ ನನಗೆ ಆ ಫಂಡಿನಲ್ಲಿ ಇಷ್ಟವಾಗಿದ್ದೇ ಡೇರಿಯಲ್ಲಿ ಇಲ್ಲದ ಒಂದು ಗುಣ. ಹಣ ನೋಡಿಕೊಳ್ಳುವ ಮ್ಯಾನೇಜರ್ ಅದನ್ನು ಜೇಬಿಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಣ ಇರುವುದು ಸ್ಮಾರ್ಟ್ ಕಾಂಟ್ರಾಕ್ಟ್ ಅನ್ನುವ, ಬರೆದಿಟ್ಟ ನಿಯಮದಂತೆ ತಾನಾಗಿ ನಡೆಯುವ ಒಂದು ಪ್ರೋಗ್ರಾಂ ಒಳಗೆ. ಮೊದಲೇ ಬರೆದಿಟ್ಟ ಪಟ್ಟಿಯಲ್ಲಿರುವ ಕಡೆ ಮಾತ್ರ ಅವನು ಅದನ್ನು ಕೊಡು-ಕೊಳ್ಳು ಮಾಡಬಹುದು. ಅವನ ಕಮಿಷನ್ನೂ ಕೋಡ್ ಲೆಕ್ಕ ಹಾಕಿದಷ್ಟೇ. ಎಲ್ಲ ವ್ಯವಹಾರವನ್ನೂ ಯಾರು ಬೇಕಾದರೂ, ಯಾವಾಗ ಬೇಕಾದರೂ ತೆರೆದು ನೋಡಬಹುದು. ನಮ್ಮ ಡೇರಿಯ ಲೆಕ್ಕ ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಓದುತ್ತಾರೆ. ಅದನ್ನು ಕೇಳುವವರಿಗಿಂತ ಊಟಕ್ಕೆ ಎಲೆ ಹಾಕಿದರಾ ಅಂತ ನೋಡುವವರೇ ಜಾಸ್ತಿ. ಇದನ್ನು ಅಪ್ಪನಿಗೆ ಹೇಳಲಿಲ್ಲ.

ಬದಲಿಗೆ ಕಾಂಪೌಂಡ್ ಕತೆ ಹೇಳಿದೆ. ಕಾಂಪೌಂಡ್ ಅಂದರೆ ಎಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲಿನ ಸಾಲ ಕೊಡು-ತೆಗೆದುಕೊಳ್ಳುವ ವ್ಯವಸ್ಥೆ. ಅದನ್ನು ನಡೆಸುವುದು ಕಾಂಪ್ ಟೋಕನ್ ಇಟ್ಟುಕೊಂಡವರ ಮತ. 2024ರ ಜುಲೈನಲ್ಲಿ ಒಂದು ಗುಂಪು 289ನೇ ಠರಾವು ತಂದಿತು. ಖಜಾನೆಯಿಂದ 4,99,000 ಕಾಂಪ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 2.4 ಕೋಟಿ ಡಾಲರ್, ತಮ್ಮದೇ ವಾಲ್ಟಿಗೆ ಹಾಕಿ, ಬಡ್ಡಿ ದುಡಿಸಿಕೊಡುತ್ತೇವೆ ಅಂತ. ಗುಂಪಿನ ಮುಂದಾಳಿನ ಅಡ್ಡಹೆಸರು ಹಂಪಿ. ನಮ್ಮ ಹಂಪಿ ಅಲ್ಲ, ಆದರೂ ಓದಿದಾಗ ನಗು ಬಂತು. ಮತದಾನ ಮುಗಿದಿದ್ದು ಒಂದು ಭಾನುವಾರ. ಸುಮಾರು 6.82 ಲಕ್ಷ ಪರ, 6.33 ಲಕ್ಷ ವಿರುದ್ಧ. ಗೆದ್ದೇಬಿಟ್ಟಿತು. ಆದರೆ ಪಾಸಾದ ಠರಾವು ಅಲ್ಲಿ ತಕ್ಷಣ ಜಾರಿಗೆ ಬರುವುದಿಲ್ಲ, ಎರಡು ದಿನ ಕಾಯಬೇಕು. ಆ ಸಮಯದಲ್ಲೇ ಮಾತುಕತೆಯಾಗಿ ಠರಾವು ವಾಪಸ್ ಹೋಯಿತು.

"ಅವರು ಓಟು ಎಲ್ಲಿಂದ ತಂದರು?"

"ಅಂಗಡಿಯಿಂದ ತಂದ ಹಾಗೆ ಅಪ್ಪಾ. ಟೋಕನ್ ಕೊಂಡುಕೊಂಡರು."

ಆಮೇಲೆ ಬೀನ್‌ಸ್ಟಾಕ್ ಕತೆ. ಇದು ಅದಕ್ಕಿಂತ ಕೆಟ್ಟದ್ದು. 2022ರ ಏಪ್ರಿಲ್ 17ರಂದು ಒಬ್ಬ ಫ್ಲ್ಯಾಶ್ ಲೋನ್ ತೆಗೆದುಕೊಂಡ. ಅದು ಅಡಮಾನ ಇಲ್ಲದ ಸಾಲ, ಅದೇ ವ್ಯವಹಾರದ ಒಳಗೇ ತೀರಿಸಬೇಕು. ತೀರಿಸದಿದ್ದರೆ ಇಡೀ ವ್ಯವಹಾರವೇ ನಡೆದಿಲ್ಲ ಎಂದು ಲೆಕ್ಕ. ಆ ಸಾಲದಿಂದ ಅವನು ಮೂರನೇ ಎರಡರಷ್ಟಕ್ಕಿಂತ ಜಾಸ್ತಿ ಮತಬಲ ಕೊಂಡ. ಹಿಂದಿನ ದಿನವೇ ಹಾಕಿಟ್ಟಿದ್ದ ತನ್ನ ಠರಾವನ್ನು ತಾನೇ ಪಾಸು ಮಾಡಿದ, ಖಜಾನೆ ತನ್ನ ಹೆಸರಿಗೆ ಮಾಡಿಕೊಂಡ, ಸಾಲ ತೀರಿಸಿದ. ಎಲ್ಲ ಒಂದೇ ವ್ಯವಹಾರದಲ್ಲಿ. ಒಟ್ಟು ನಷ್ಟ ಸುಮಾರು 18.2 ಕೋಟಿ ಡಾಲರ್.

ಅಪ್ಪ ತುಂಬ ಹೊತ್ತು ಸುಮ್ನೆ ಇದ್ದರು. ಆಮೇಲೆ, "ಬೆಳಿಗ್ಗೆ ಪಕ್ಕದೂರಿನಿಂದ ಹಸುಗಳನ್ನು ಹೊಡೆದುಕೊಂಡು ಬಂದು, ಮಧ್ಯಾಹ್ನ ಅಧ್ಯಕ್ಷ ಆಗಿ, ಸಾಯಂಕಾಲ ಹಸು ವಾಪಸ್ ಬಿಟ್ಟ ಹಂಗೆ" ಅಂದರು. "ನಮ್ಮಲ್ಲಿ ಆಗಲ್ಲ. ಓಟು ಬೇಕಂದ್ರೆ ಇಷ್ಟು ದಿನ ಹಾಲು ಹಾಕಿರಬೇಕು ಅಂತ ಇದೆಯಲ್ಲ. ಷೇರು ಇದ್ದರೆ ಸಾಲದು."

ನಾನು ಕಾಯುತ್ತಿದ್ದ ಮಾತು ಇದೇ. ತಲೆಗೊಂದು ಓಟು ಚೈನ್ ಮೇಲೆ ಕಷ್ಟ. ಒಬ್ಬನೇ ಸಾವಿರ ವ್ಯಾಲೆಟ್, ಅಂದರೆ ಡಿಜಿಟಲ್ ಖಾತೆ, ತೆರೆದರೆ ಸಾವಿರ ತಲೆ ಆಗುತ್ತದೆ. ಆದರೆ ಹಾಲು ಹಾಕಿದ ದಿನಗಳನ್ನು ಕೋಡ್ ಎಣಿಸಬಲ್ಲದು. ಕರ್ವ್ ಅನ್ನುವ ಕ್ರಿಪ್ಟೋ ವಿನಿಮಯ ವ್ಯವಸ್ಥೆಯಲ್ಲಿ ಟೋಕನ್ನನ್ನು ಹೆಚ್ಚೆಂದರೆ ನಾಲ್ಕು ವರ್ಷ ಕಟ್ಟಿಹಾಕಬಹುದು. ಎಷ್ಟು ಉದ್ದ ಕಟ್ಟಿದರೆ ಮತಕ್ಕೆ ಅಷ್ಟು ತೂಕ. ಅಲ್ಲೂ ದೊಡ್ಡವರೇ ದೊಡ್ಡವರು, ನಿಜ. ಆದರೆ ಸಾಲ ತಂದ ಹಸು ಸಾಯಂಕಾಲ ವಾಪಸ್ ಹೋಗಲ್ಲ. ನಾನು ಹಣ ಹಾಕಿದ ಫಂಡಿನಲ್ಲಿ ಈ ನಿಯಮ ಇಲ್ಲ. ಹಾಕುವಾಗ ನೋಡಿರಲಿಲ್ಲ. ಬೇರೆಯವರ ರಿಟರ್ನ್ಸ್ ಫೈಲ್ ಮಾಡುವ ನನಗೆ ಕ್ರಿಪ್ಟೋ ಲಾಭದ ಮೇಲಿನ ಶೇ. 30 ತೆರಿಗೆ ಗೊತ್ತಿತ್ತು, ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ ಅನ್ನುವುದೂ ಗೊತ್ತಿತ್ತು. ಓಟು ಯಾರದ್ದು ಅಂತ ಮಾತ್ರ ಕೇಳಿರಲಿಲ್ಲ.

ಓಟು ಗುರುವಾರದವರೆಗೆ ಇದೆ. ಅಪ್ಪ ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಖಾಲಿ ಕ್ಯಾನು ಕೆಳಗಿಡುವ ಮೊದಲೇ ಕೇಳುತ್ತಾರೆ: "ನಿನ್ನ ಸೊನ್ನೆ ಏನಾದ್ರೂ ಬೆಳೆಯಿತಾ?"