ಕೊಸರಿಗೆ ಲೆಕ್ಕ ಇಲ್ಲ ಮಿಸ್

"ಆಡಕ್ಕೆ ಅಂಗನವಾಡಿಗೆ ಯಾಕ್ ಕಳುಸ್ಬೇಕು ಮಿಸ್? ನಮ್ಮನೆ ಮುಂದೆ ಮಣ್ಣಿಲ್ವಾ?"

ಹೋದ ವರ್ಷ ಮೊಮ್ಮಗನನ್ನು ಬಿಡಲು ಬಂದ ತಾತ ಬಾಗಿಲಲ್ಲೇ ನಿಂತು ಕೇಳಿದ ಮಾತಿದು. ಒಳಗೆ ಹತ್ತು ಹನ್ನೆರಡು ಮಕ್ಕಳು ಸಂತೆ ಹೂಡಿದ್ದವು, ಗಲಾಟೆಯೋ ಗಲಾಟೆ. ಪಕ್ಕದ ಊರಿನ ಕಾನ್ವೆಂಟಿನ ಹಳದಿ ವ್ಯಾನು ಆಗಷ್ಟೇ ಹಾದುಹೋಗಿತ್ತು. ಅದರಲ್ಲಿ ಹೋಗುವ ಮೂರೂವರೆ ವರ್ಷದವಕ್ಕೆ ಟೈ ಇದೆ, ಹೋಂವರ್ಕ್ ಇದೆ. ನಮ್ಮವಕ್ಕೆ ಹೊಂಗೆ ಎಲೆ, ತೆಂಗಿನ ಚಿಪ್ಪು. ತಾತ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಆದರೆ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಷ್ಟು ಚಿಕ್ಕದಾಗಿರಲಿಲ್ಲ.

ನಾನು ಮೈಸೂರು ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ, ಹದಿನೇಳು ವರ್ಷವಾಯಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ನಮ್ಮ ಕಡೆಯ ಟಿ. ನರಸೀಪುರವನ್ನು. ಅದನ್ನು ಹೇಳಿಕೊಳ್ಳುವುದರಲ್ಲಿ ನಮಗೊಂದು ಹೆಮ್ಮೆ. ತೂಕ, ಲಸಿಕೆ, ಬಾಣಂತಿಯರ ಮನೆ ಭೇಟಿ, ಮೊಟ್ಟೆಯ ಲೆಕ್ಕ, ಈಗ ಇದನ್ನೆಲ್ಲ ಮೊಬೈಲಿನಲ್ಲಿ ತುಂಬುವ ಪೋಷಣ್ ಟ್ರ್ಯಾಕರ್ ಬೇರೆ. ಇಷ್ಟರ ನಡುವೆ ಶಾಲಾಪೂರ್ವ ಶಿಕ್ಷಣ ಅಂತಲೂ ಒಂದಿದೆ. ಮೇಲಿನವರು ಫೋನ್ ಮಾಡಿ ಕೇಳುವುದು ಮೊಟ್ಟೆಯದ್ದನ್ನು, ಟ್ರ್ಯಾಕರ್‌ನದ್ದನ್ನು. ಶಿಕ್ಷಣದ್ದನ್ನು ಕೇಳುವುದು ಅಪರೂಪ. ಹಾಗಾಗಿಯೇ ನನಗೆ ತಪ್ಪು ಮಾಡುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಜಾಗ ಸಿಕ್ಕಿತೇನೋ.

ಮೊದಲ ನಾಲ್ಕೈದು ವರ್ಷ ನಾನು ಸ್ಲೇಟನ್ನೇ ನಂಬಿದವಳು. ಬೆಳಗ್ಗೆ ಒಂದು ಅಭಿನಯ ಗೀತೆ, ಆಮೇಲೆ ಎಲ್ಲರ ಕೈಗೂ ಬಳಪ, ನಾನು ಬರೆದುಕೊಟ್ಟ 'ಅ' ಮೇಲೆ ತಿದ್ದಬೇಕು. ಒಬ್ಬ ಹುಡುಗ ಬಳಪವನ್ನು ಹಾರೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಬೆರಳು ಬಿಡಿಸಿ ಸರಿಮಾಡಿದರೆ ಎರಡು ಗೆರೆ ಎಳೆಯುವಷ್ಟರಲ್ಲಿ ಮತ್ತೆ ಮುಷ್ಟಿ. ಅವನ ಕೈ ಹಿಡಿದು ಒತ್ತಿ ಒತ್ತಿ ತಿದ್ದಿಸಿದೆ. ಮೂರನೇ ವಾರಕ್ಕೆ ಸ್ಲೇಟು ಕಂಡರೇ ಅಳು, ನಾಲ್ಕನೇ ವಾರ ಬರುವುದನ್ನೇ ಬಿಟ್ಟ. ಹೊಟ್ಟೆನೋವು ಅಂದರು ಅವರಮ್ಮ. ನಾನೂ ನಂಬಿದೆ, ನಂಬುವುದೇ ಅನುಕೂಲವಾಗಿತ್ತು.

ಆಮೇಲೊಂದು ತರಬೇತಿಯಲ್ಲಿ ಮಗುವಿನ ಕೈ ಬಗ್ಗೆ ಹೇಳಿದರು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿರುತ್ತವೆ. ಹುಟ್ಟುವಾಗ ಅವೆಲ್ಲ ಬರೀ ಮೃದ್ವಸ್ಥಿ. ಮೂರು ವರ್ಷದ ಹೊತ್ತಿಗೆ ಸುಮಾರು ಮೂರು ಮಾತ್ರ ಎಲುಬಾಗಲು ಶುರುವಾಗಿರುತ್ತವೆ. ಅವತ್ತು ನನಗೆ ಊಟ ಸೇರಲಿಲ್ಲ. ಆ ಹುಡುಗನಿಗೆ ಬೇಕಿದ್ದದ್ದು ಮಣ್ಣು ನಾದುವುದು, ಮಣಿ ಪೋಣಿಸುವುದು, ಚೊಂಬಿನಿಂದ ಚೊಂಬಿಗೆ ನೀರು ಹುಯ್ಯುವುದು. ಈಗ ಅವರೆಕಾಯಿ ಕಾಲ ಬಂತೆಂದರೆ ನಮ್ಮ ಸಹಾಯಕಿ ಮನೆಯಿಂದ ಒಂದು ಚೀಲ ತರುತ್ತಾರೆ. ಸುಲಿಯಲು ಕೂತರೆ ಇಪ್ಪತ್ತು ನಿಮಿಷ ಒಬ್ಬರೂ ಏಳುವುದಿಲ್ಲ, ಬೆರಳಿಗೆಲ್ಲ ಸೊಗಡು. ಸ್ಲೇಟು ಹಿಡಿಸಿ ಐದು ನಿಮಿಷ ಕೂರಿಸಲಾಗದವಳು ನಾನೇ.

ಸಂತೆಗೆ ಬರುತ್ತೇನೆ. ನಮ್ಮ ಹೋಬಳಿಯಲ್ಲಿ ಬುಧವಾರ ಸಂತೆ. ಗುರುವಾರ ಬೆಳಗ್ಗೆ ಮಕ್ಕಳು ಯಾರೂ ಹೇಳಿಕೊಡದೆ ಅದನ್ನೇ ಆಡುತ್ತವೆ. ಕಡ್ಡಿಗೆ ಎರಡು ಚಿಪ್ಪು ಕಟ್ಟಿದರೆ ತಕ್ಕಡಿ, ಕಲ್ಲು ಈರುಳ್ಳಿ, ಹೊಂಗೆ ಎಲೆ ನೋಟು. ಆರೇಳು ವರ್ಷದ ಹಿಂದೆ ಸೊಪ್ಪು ಮಾರುವ ಅಜ್ಜಿಯೊಬ್ಬರ ಮೊಮ್ಮಗಳು ಬರುತ್ತಿದ್ದಳು, ನಾಲ್ಕೂವರೆ ವರ್ಷ. ಅವಳದ್ದೇ ದೊಡ್ಡ ಅಂಗಡಿ. "ಬನ್ರೀ ಬನ್ರೀ, ಹತ್ ರೂಪಾಯ್ಗೆ ಗುಡ್ಡೆ!" ಅಂತ ಕೂಗಿದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಬೇಕು.

ಸಂತೆ ಇಷ್ಟು ಜೋರಾಗಿದೆ, ಹಾಗೇ ಎಣಿಕೆಯನ್ನೂ ಕಲಿಸಿಬಿಡೋಣ ಅಂದುಕೊಂಡೆ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, "ಪುಟ್ಟಿ, ಇಲ್ಲಿ ಎಷ್ಟು ಈರುಳ್ಳಿ ಇದೆ?" ಅಂದೆ. ಎಣಿಸಿ ಹೇಳಿದಳು. "ಇದು ಯಾವ ಬಣ್ಣ?" ಹೇಳಿದಳು, ಆದರೆ ದನಿ ಇಳಿದಿತ್ತು, ಪ್ರಾರ್ಥನೆಗೆ ನಿಂತಾಗಿನ ದನಿ. "ಎರಡು ತೆಗೆದರೆ ಎಷ್ಟು ಉಳಿಯುತ್ತೆ?" ಅಷ್ಟರಲ್ಲಿ ಗಿರಾಕಿಗಳೆಲ್ಲ ಎದ್ದು ಹೋಗಿದ್ದರು. ತೂಗುತ್ತಿದ್ದವನು ತಕ್ಕಡಿ ಬಿಟ್ಟು ಕಿಟಕಿ ಹತ್ತಿದ್ದ. ಮೂರು ಪ್ರಶ್ನೆಗೆ ಸಂತೆ ಎತ್ತಂಗಡಿ.

ಮುಂದಿನ ಎರಡು ಗುರುವಾರವೂ ಇದೇ ಕಥೆ. ನಮ್ಮ ಸಹಾಯಕಿ ಪಾತ್ರೆ ತೊಳೆಯುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಅಂದರು: "ಸಂತೆಗ್ ಹೋದೋರು ಯಾರಾದ್ರೂ ಇದ್ಯಾವ ಬಣ್ಣ ಅಂತ ಕೇಳ್ತಾರಾ ಮಿಸ್? ಏನಾದ್ರೂ ತಗೊಳಿ."

ಸರಿ, ಅದರ ಮುಂದಿನ ಗುರುವಾರ ಕೈಚೀಲ ಹಿಡಿದು ಹೋದೆ. "ಐದು ಈರುಳ್ಳಿ ಕೊಡವ್ವ." ಒಂದೊಂದೇ ಎಣಿಸಿ ಚೀಲಕ್ಕೆ ಹಾಕಿದಳು, ಐದು. ಒಮ್ಮೆ ನನ್ನ ಮುಖ ನೋಡಿದಳು, ಇನ್ನೊಂದು ಹಾಕಿದಳು. ನನ್ನ ಹಳೇ ಚಾಳಿ, ಬಾಯಿ ತಡೆಯಲಿಲ್ಲ.

"ಒಟ್ಟು ಎಷ್ಟಾಯ್ತು?"

"ಐದು."

"ಸರಿಯಾಗಿ ಎಣಿಸು, ಆರಲ್ವಾ?"

"ಐದೇ ಮಿಸ್. ಇದು ಕೊಸರು. ಕೊಸರಿಗೆ ಲೆಕ್ಕ ಇಲ್ಲ."

ಸ್ಲೇಟಿನ ಕಾಲದಲ್ಲಾಗಿದ್ದರೆ ತಪ್ಪು ಅಂತ ಗೀಟು ಎಳೆಯುತ್ತಿದ್ದೆ. ಐದು ಎಲ್ಲಿಗೆ ಮುಗಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಯಾವುದಕ್ಕೆ ದುಡ್ಡು, ಯಾವುದಕ್ಕೆ ಇಲ್ಲ ಅಂತ ಗೊತ್ತಿತ್ತು. ಕೊಸರು ಹಾಕುವ ಮೊದಲು ಗಿರಾಕಿಯ ಮುಖ ನೋಡಬೇಕು ಅಂತಲೂ ಗೊತ್ತಿತ್ತು. ಅದನ್ನು ಯಾವ ಚಾರ್ಟಿನಲ್ಲಿ ತೋರಿಸಿ ಕಲಿಸಲಿ?

ಅಲ್ಲಿಂದ ನಾನು ಆಟದೊಳಗೆ ಹೋದರೆ ಗಿರಾಕಿಯಾಗಿಯೇ. ಕೇಳಬೇಕಾದದ್ದನ್ನು ಗಿರಾಕಿ ಬಾಯಲ್ಲೇ ಕೇಳುತ್ತೇನೆ. "ಮನೇಲಿ ನಾಲ್ಕು ಜನ ಇದೀವಿ, ಒಬ್ಬೊಬ್ಬರಿಗೆ ಎರಡು ಬಾಳೆಹಣ್ಣು ಬೇಕಲ್ಲ" ಅಂದರೆ ನೆಲದ ಮೇಲೆ ಎರಡೆರಡರ ನಾಲ್ಕು ಗುಡ್ಡೆ ಬೀಳುತ್ತದೆ. ಗುಣಾಕಾರದ ಹೆಸರನ್ನು ಯಾರೂ ಎತ್ತುವುದಿಲ್ಲ. ದುಬಾರಿಯಾಯ್ತು ಅಂತ ಜಗಳ ತೆಗೆದರೆ ಸುಮ್ಮನೆ ಕೂರುವ ಮಗುವೂ ಕಾರಣ ಕೊಡಲು ಶುರುಮಾಡುತ್ತದೆ. "ಮಳೆ ಬಂದಿಲ್ಲ ಕಣಮ್ಮ, ಏನ್ ಮಾಡನ" ಅಂತ ನನಗೇ ಸಮಾಧಾನ ಹೇಳಿದವನೊಬ್ಬ.

ಈಚೆಗೆ ಹೊಂಗೆ ಎಲೆಗೆ ಬೆಲೆ ಕಡಿಮೆ. ಒಬ್ಬ ಚಪ್ಪಟೆ ಕಲ್ಲು ಮುಂದೆ ಹಿಡಿದು "ಚಿಲ್ರೆ ಇಲ್ಲ, ಸ್ಕ್ಯಾನ್ ಮಾಡಿ" ಅಂದ. ನಾನು ಅಂಗೈ ತೋರಿಸಿದೆ. ಅವನ ಹಿಂದೆ ಗೋಡೆಗೆ ಒರಗಿ ಕೂತಿದ್ದ ಇನ್ನೊಬ್ಬ ಮೂಗಿನಲ್ಲಿ, "ಹತ್ತು ರೂಪಾಯಿ ಸ್ವೀಕರಿಸಲಾಗಿದೆ!" ಅವನ ಕೆಲಸ ಅದೊಂದೇ, ಬೆಳಗಿನಿಂದ ಅವನೇ ಆ ಡಬ್ಬಿ. ರಷ್ಯಾದ ವೈಗಾಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಕೋಲನ್ನು ಕುದುರೆ ಮಾಡಿಕೊಳ್ಳುವ ಮಗುವಿನ ಉದಾಹರಣೆ ಕೊಟ್ಟು ವಿವರಿಸಿದ್ದರು: ವಸ್ತು ಒಂದು, ಅರ್ಥ ಇನ್ನೊಂದು, ಎರಡನ್ನೂ ಬೇರೆ ಮಾಡಲು ಮಗು ಕಲಿಯುವುದು ಇಂಥ ಆಟದಲ್ಲಿ. ಕಲ್ಲು ಫೋನಾಗಬಹುದು ಅಂತ ಒಪ್ಪಿದ ಮಗು, 'ಅ' ಅನ್ನುವ ಗೆರೆ ಒಂದು ಸದ್ದಾಗಬಹುದು ಅನ್ನುವುದನ್ನೂ ಒಂದಲ್ಲ ಒಂದು ದಿನ ಒಪ್ಪುತ್ತದೆ.

ಆಡಿಸಿಬಿಟ್ಟರೆ ಎಲ್ಲವೂ ಬೇಗ ಬಂದುಬಿಡುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಹುಣಸೆ ಬೀಜವನ್ನು ಆರಾರರಂತೆ ಎರಡು ಸಾಲು ಇಡಿ. ನಾಲ್ಕು ವರ್ಷದ ಮಗುವನ್ನು ಕೇಳಿದರೆ ಎರಡೂ ಒಂದೇ ಅನ್ನುತ್ತದೆ. ಅದರ ಕಣ್ಣೆದುರೇ ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ ಮತ್ತೆ ಕೇಳಿ. ಉದ್ದದ ಸಾಲಿನಲ್ಲೇ ಜಾಸ್ತಿ ಅನ್ನುತ್ತದೆ. ಸ್ವಿಟ್ಜರ್ಲೆಂಡಿನ ಪಿಯಾಜೆ ತೋರಿಸಿಕೊಟ್ಟದ್ದು ಇದನ್ನು. ಗೊತ್ತಿದ್ದೂ ನಾನು ಒಬ್ಬಳ ಜೊತೆ ಅರ್ಧ ಗಂಟೆ ವಾದಕ್ಕೆ ನಿಂತೆ. ಎರಡು ಸಾಲನ್ನೂ ಎಣಿಸಿದಳು: ಆರು, ಆರು. "ಹಂಗಾದ್ರೆ?" "ಇದೇ ಜಾಸ್ತಿ." ಒಂದೂವರೆ ವರ್ಷದ ಮೇಲೆ ಅದೇ ಬೀಜ, ಅದೇ ಹುಡುಗಿ. "ನೀವು ದೂರ ದೂರ ಇಟ್ಟಿದೀರ ಅಷ್ಟೇ ಮಿಸ್" ಅಂದು, ಇದನ್ನೂ ಕೇಳ್ತಾರಾ ಅನ್ನುವ ಹಾಗೆ ನೋಡಿದಳು.

ಬೀಜದ ಮಾತು ಬಂತಲ್ಲ, ಇನ್ನೊಂದು ಹೇಳಲೇಬೇಕು. ಒಮ್ಮೆ ಅಕ್ಕನ ಜೊತೆ ಬಂದಿದ್ದ ಎರಡೂವರೆ ವರ್ಷದ್ದೊಂದು ಮೂಗಿಗೆ ಹುಣಸೆ ಬೀಜ ಏರಿಸಿಕೊಂಡಿತು. ನಾನು ಟ್ರ್ಯಾಕರ್ ತುಂಬುತ್ತಿದ್ದೆ, ನೋಡಿರಲಿಲ್ಲ. ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡುವಾಗ ದಾರಿಯಲ್ಲೇ ಸೀನಿ ಬೀಜ ಹೊರಗೆ ಬಂತು. ಮಗು ನಕ್ಕಿತು, ನನ್ನ ಕಾಲು ನಡುಗುತ್ತಿತ್ತು. ಅವತ್ತಿನಿಂದ ಬೀಜದ ಡಬ್ಬಿ ಮೇಲಿನ ಗೂಡಿನಲ್ಲಿ. ಅದು ಕೆಳಗಿಳಿದರೆ ಮೊಬೈಲು ಅಲ್ಲಿಗೆ ಹತ್ತುತ್ತದೆ.

ಶಿಸ್ತು ಎಲ್ಲಿ ಕಲಿಯುತ್ತಾರೆ ಅಂತ ಕೇಳುವವರಿಗೆ ಕೆರೆ-ದಡ ತೋರಿಸುತ್ತೇನೆ. "ದಡ, ದಡ, ದಡ... ಕೆರೆ!" ಮೂರು ವರ್ಷದವು ಯಾವುದು ಕೂಗಿದರೂ ಜಿಗಿಯುತ್ತವೆ. ಐದು ವರ್ಷದ ಹುಡುಗಿಯ ಒಂದು ಕಾಲು ಗಾಳಿಯಲ್ಲಿ ಎದ್ದು, ಅಲ್ಲೇ ತಡೆದು, ವಾಪಸ್ ದಡಕ್ಕೆ ಇಳಿಯುತ್ತದೆ. ಅಷ್ಟೇ ನೋಡಿ, ಜಿಗಿಯಬೇಕು ಅನ್ನಿಸಿದರೂ ಜಿಗಿಯದೆ ಇರುವುದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಅದರ ಬೆನ್ನಿಗೆ 2022ರಲ್ಲಿ ಮೂರರಿಂದ ಎಂಟು ವರ್ಷದವರಿಗೆಂದು ಬಂದ ಪಠ್ಯಕ್ರಮ ಚೌಕಟ್ಟು, ಎರಡೂ ಆಟವೇ ಕಲಿಕೆಯ ದಾರಿ ಅಂತ ಹೇಳುತ್ತವೆ. ಪೋಷಕರ ಸಭೆಯಲ್ಲಿ ನನಗೆ ಅದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. 2024ರಲ್ಲಿ ರಾಜ್ಯದ ಕೆಲವು ಅಂಗನವಾಡಿಗಳಿಗೆ ಸರ್ಕಾರಿ ಮಾಂಟೆಸ್ಸರಿ ಅಂತ ಹೆಸರಿಟ್ಟು ಎಲ್‌ಕೆಜಿ, ಯುಕೆಜಿ ಶುರುಮಾಡಿದರು. ನಮ್ಮ ಕಡೆ ಮಾಂಟೆಸ್ಸರಿ ಅಂದರೆ ಫೀಸು ಜಾಸ್ತಿ ಇರುವ ಶಾಲೆ ಅಂತ ಅರ್ಥ. ಆ ಹೆಸರು ಇಟಲಿಯ ಮರಿಯಾ ಮಾಂಟೆಸ್ಸರಿ ಅನ್ನುವವರದು. 1907ರಲ್ಲಿ ಆ ಯಮ್ಮ ರೋಮ್‌ನಲ್ಲಿ ಮೊದಲು ಶುರುಮಾಡಿದ್ದು ಕೂಲಿಕಾರರ ಮಕ್ಕಳಿಗಾಗಿ. ಒಂದು ಲೆಕ್ಕದಲ್ಲಿ ಅದೂ ಅಂಗನವಾಡಿಯೇ.

ತಾತನಿಗೆ ಏನು ಹೇಳಿದೆ ಅಂದಿರಾ? "ಮುಂದಿನ ಗುರುವಾರ ಒಂದ್ ಗಳಿಗೆ ಒಳಗೆ ಕೂತ್ಕೊಳಿ" ಅಂದೆ. ಬಂದರು, ಮೊಮ್ಮಗನ ಹತ್ತಿರವೇ ಬದನೆಕಾಯಿ ಚೌಕಾಸಿ ಮಾಡಿದರು. ಹೋಗುವಾಗ, "ತೂಕದಲ್ಲಿ ಮೋಸ ಮಾಡ್ತಾನಲ್ಲ ಮಿಸ್ ಇವ್ನು" ಅಂತ ಖುಷಿಯಿಂದಲೇ ದೂರಿದರು. ಜೂನ್ ಬಂದಾಗ ಹುಡುಗನನ್ನು ವ್ಯಾನಿಗೇ ಹತ್ತಿಸಿದರು. ಪಕ್ಕದ ಮನೆಯ ಮಗುವೂ ಹೋಗುತ್ತದಲ್ಲ.

ಕೊಸರು ಹಾಕಿದವಳ ವರ್ಷದ ಪ್ರಗತಿ ಬರೆಯುವಾಗ ಎಣಿಕೆಯ ಕಾಲಂ ಹತ್ತಿರ ಪೆನ್ನು ನಿಂತಿತು. ಕೊನೆಗೆ 'ಐದು, ಜೊತೆಗೊಂದು ಕೊಸರು' ಅಂತ ಬರೆದೆ. ಸೂಪರ್‌ವೈಸರ್ ಮೇಡಂ ಅಲ್ಲಿಗೆ ಬಂದು ನಿಂತರು, ಎರಡು ಸಲ ಓದಿದರು, ಏನೂ ಕೇಳದೆ ಸಹಿ ಹಾಕಿದರು.